ಲಾರಿಯ ಎರಡನೆಯ ಆಸನ: ಕೊಲ್ಹಾಪುರ ಸೀಮೆಯ ಸಾಗಣೆ ಮತ್ತು ದ್ವಿಭಾಷಿಕತೆ

ಕನ್ನಡ–ಮರಾಠಿ ಸಂಬಂಧದ ಚರಿತ್ರೆ ಈವರೆಗೆ ಮುಖ್ಯವಾಗಿ ಎರಡು ಬಗೆಯ ಆಕರಗಳಿಂದ ರೂಪುಗೊಂಡಿದೆ. ಒಂದು, ಶಾಸನ, ದೈವ, ಸ್ಥಳನಾಮಗಳು, ಶಂ.ಬಾ. ಜೋಶಿ, ರಾ.ಚಿಂ. ಢೇರೆ ಅವರಂಥ ವಿದ್ವಾಂಸರು ಈ ಹಾದಿಯಲ್ಲಿ ನಡೆದವರು. ಇನ್ನೊಂದು, 1956ರ ರಾಜ್ಯ ಪುನರ್ವಿಂಗಡಣೆ ಮತ್ತು 1967ರ ಮಹಾಜನ ವರದಿಯ ಸುತ್ತ ಬೆಳೆದ ಕಾಗದಪತ್ರ. ಮೊದಲನೆಯದರಲ್ಲಿ ಭಾಷೆಗಳು ಶತಮಾನಗಳ ಅವಧಿಯಲ್ಲಿ ಬೆರೆಯುತ್ತವೆ. ಎರಡನೆಯದರಲ್ಲಿ ಹಳ್ಳಿಗಳ ಲೆಕ್ಕದಲ್ಲಿ ಬೇರ್ಪಡುತ್ತವೆ. ದಿನನಿತ್ಯ ಗಡಿ ದಾಟಿದ ಲಾರಿಯ ಚಾಲಕನೂ ಅವನ ಪಕ್ಕದ ಕ್ಲೀನರೂ ಎರಡರಲ್ಲೂ ಕಾಣಿಸುವುದಿಲ್ಲ. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜಗಳ ಮಟ್ಟಿಗಾದರೂ ಈ ಜೋಡಿಯನ್ನು ಒಂದು ದ್ವಿಭಾಷಿಕ ಸಂಸ್ಥೆಯೆಂದೇ ಪರಿಗಣಿಸಬೇಕು ಎಂಬುದು ನನ್ನ ವಾದ.

ಈ ಸೀಮೆ ಲಾರಿಯನ್ನು ಇಷ್ಟು ನೆಚ್ಚಿಕೊಂಡದ್ದಕ್ಕೆ ಭೂಗೋಳವೇ ಕಾರಣ. ಮಿರಜದಿಂದ ಬಂದ ರೈಲು 1891ರಲ್ಲಿ ಕೊಲ್ಹಾಪುರ ತಲುಪಿ ಅಲ್ಲೇ ನಿಂತಿತು. ಕೊಲ್ಹಾಪುರದಿಂದ ಬೆಳಗಾವಿಗೆ ರೈಲಿನಲ್ಲಿ ಹೋಗುವವರು ಇಂದಿಗೂ ಮಿರಜವನ್ನು ಸುತ್ತಬೇಕು. 1904ರಲ್ಲಿ ಮೊದಲ ವಿದ್ಯುತ್ ಮಗ್ಗ ಕಂಡ ಇಚಲಕರಂಜಿಗೆ ಇವತ್ತಿಗೂ ತನ್ನದೇ ನಿಲ್ದಾಣವಿಲ್ಲ, ಗಡಹಿಂಗ್ಲಜಕ್ಕೂ ಇಲ್ಲ. ಹೀಗಾಗಿ ತಮಿಳುನಾಡಿನ ಗಿರಣಿಗಳ ನೂಲು ಬಂದದ್ದು, ನೇಯ್ದ ಕೋರಾ ಬಟ್ಟೆ ಬಾಲೋತ್ರಾ, ಜೇತಪುರಗಳ ಬಣ್ಣದ ಕಾರಖಾನೆಗಳಿಗೆ ಹೊರಟದ್ದು, ಕೊಲ್ಹಾಪುರದ ಬೆಲ್ಲ ಗುಜರಾತಿಗೆ ಏರಿದ್ದು ಬಹುಮಟ್ಟಿಗೆ ಲಾರಿಗಳಲ್ಲೇ. ಗಡಹಿಂಗ್ಲಜದ ಪೇಟೆ ಸಂಕೇಶ್ವರಿ ಮೆಣಸಿನಕಾಯಿಗೆ ಹೆಸರಾದುದು. ಮಹಾರಾಷ್ಟ್ರದ ಪೇಟೆಯ ಸರಕಿಗೆ ಕರ್ನಾಟಕದ ಊರಿನ ಹೆಸರು. ರಾಧಾನಗರಿ ತಾಲೂಕಿನ ಬಾಕ್ಸೈಟ್ ಅದಿರು ಬೆಳಗಾವಿಯ ಅಲ್ಯುಮಿನಾ ಕಾರಖಾನೆಗೆ ಇಳಿಯುವುದೂ ರಸ್ತೆಯಿಂದಲೇ. ಕಾಗಲ, ಕೊಗನೊಳಿ, ನಿಪ್ಪಾಣಿ, ಸಂಕೇಶ್ವರ: ಹೆದ್ದಾರಿ ಗಡಿಯನ್ನು ದಾಟುವುದು ಹೀಗೆ, ಕನ್ನಡ–ಮರಾಠಿ ಎರಡನ್ನೂ ಆಡುವ ಊರುಗಳ ನಡುವೆ.

ದೂರದ ಓಟಕ್ಕೆ ಒಬ್ಬನೇ ಸಾಲದು. ಒಬ್ಬ ಓಡಿಸುವಾಗ ಇನ್ನೊಬ್ಬ ಮಲಗಬೇಕು; ಹಗ್ಗ ಬಿಗಿಯಲು, ತಾಡಪತ್ರಿ ಹೊದಿಸಲು, ಗಾಲಿ ಬದಲಿಸಲು ಎರಡು ಜೊತೆ ಕೈ ಬೇಕು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆಯ ದುಡಿಮೆಯನ್ನು ವಿಧಿಸಿ, ಕ್ಲೀನರನನ್ನೂ ಕಾರ್ಮಿಕನೆಂದು ಹೆಸರಿಸಿತು. ಆದರೆ ಅದು ಅನ್ವಯಿಸಿದ್ದು ಐದು ಅಥವಾ ಹೆಚ್ಚು ಕಾರ್ಮಿಕರಿರುವ ಉದ್ಯಮಗಳಿಗೆ. ಒಂದೇ ಲಾರಿಯ ಮಾಲೀಕನ ಬಳಿ ಐದು ಜನ ಎಲ್ಲಿಂದ ಬರಬೇಕು? 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಇನ್ನೊಂದು ದಿಕ್ಕಿನಿಂದ ಬಂದವು: ರಾಷ್ಟ್ರೀಯ ಪರವಾನಿಗೆಯ ವಾಹನದಲ್ಲಿ ಕನಿಷ್ಠ ಇಬ್ಬರು ಚಾಲಕರಿರಬೇಕು, ಚಾಲಕನ ಹಿಂದೆ, ಇನ್ನೊಬ್ಬ ಚಾಲಕ ಕೈಕಾಲು ಚಾಚಿ ಮಲಗುವಂತೆ, ವಾಹನದ ಪೂರ್ಣ ಅಗಲದ ಆಸನವಿರಬೇಕು. ಆ ಆಸನದ ಮೇಲೆ ಅನೇಕ ವೇಳೆ ಮಲಗಿದ್ದವನು ಪರವಾನಿಗೆಯಿಲ್ಲದ ಕ್ಲೀನರ್. ಅವನಿಗೆ ಸಂಬಳಕ್ಕಿಂತ ಭತ್ತೆಯೇ ಗತಿ; ಕಲಿಕೆಯೇ ಕೂಲಿ ಎಂಬುದು ಉಸ್ತಾದನ ಮಾತು. ಇದನ್ನು ಗುರುಕುಲವೆಂದು ಹೊಗಳಲು ನನಗೆ ಮನಸ್ಸಿಲ್ಲ. ಹೆಂಗಸರಿಗೆ ಮುಚ್ಚಿದ್ದ, ಹದಿಹರೆಯದ ಹುಡುಗರ ದುಡಿಮೆಯ ಮೇಲೆ ನಿಂತಿದ್ದ ವ್ಯವಸ್ಥೆಯಿದು.

ಆದರೂ ಅಲ್ಲಿ ಭಾಷೆ ಕಲಿಯಲಾಯಿತು, ಅದೂ ಕೆಲಸದೊಳಗೇ. ಲಾರಿ ಹಿಂದಕ್ಕೆ ಸರಿಯುವಾಗ ಕ್ಲೀನರ್ ಕೆಳಗಿಳಿದು ಕೂಗುವ ಮಾತನ್ನೇ ನೋಡಬಹುದು: ಕನ್ನಡದಲ್ಲಿ ‘ಬರ್ಲಿ, ಬರ್ಲಿ’, ಮರಾಠಿಯಲ್ಲಿ ‘ಯೇಊ ದೇ’, ಹಿಂದಿಯಲ್ಲಿ ‘ಆನೇ ದೋ’. ಮೂರೂ ಚಾಲಕನಿಗೆ ‘ಬಾ’ ಎನ್ನುವುದಿಲ್ಲ. ಗಾಡಿ ಬರಲೆಂದು ಅನುಮತಿಸುತ್ತವೆ. ಹಳಗನ್ನಡದ ‘ಬರಲೀಯದೆ’ ಎಂಬ ರೂಪದಲ್ಲಿ ಕೊಡು ಎಂಬರ್ಥದ ‘ಈ’ ಧಾತುವಿರುವುದನ್ನು ನೆನೆದರೆ ಮರಾಠಿಯ ‘ದೇ’ ನಮಗೆ ಅಪರಿಚಿತವೆನಿಸದು. ವ್ಯಾಕರಣದ ಈ ಸಾಮ್ಯವನ್ನು ಭಾಷಾವಿಜ್ಞಾನಿ ಪುಟಗಟ್ಟಲೆ ವಿವರಿಸಬಹುದು. ಕ್ಲೀನರ್ ಅದನ್ನು ಎದೆಯೆತ್ತರದ ಗಾಲಿಯ ಪಕ್ಕ ನಿಂತು ಬಳಸುತ್ತಿದ್ದ. ಹಮಾಲ, ಬಿಲ್ಟಿ, ಮಾಲು ಇಂಥ ಪದಗಳಿಗೆ ಅನುವಾದವೇ ಬೇಕಿರಲಿಲ್ಲ. ಇಳಿಸುವ ಕೂಲಿಯನ್ನು ಲಾರಿಯವರ ಮೇಲೆ ಹೇರುವ ‘ವಾರಾಯಿ’ಯ ವಿರುದ್ಧ ಮಹಾರಾಷ್ಟ್ರದ ಸಾಗಣೆ ಸಂಘಟನೆಗಳು ಎತ್ತಿದ ‘ಜ್ಯಾಚಾ ಮಾಲ ತ್ಯಾಚಾ ಹಮಾಲ’ ಎಂಬ ಘೋಷಣೆಯಲ್ಲಿ ಕನ್ನಡಿಗನಿಗೆ ಹೊಸದಾಗಿರುವುದು ಎರಡು ಸರ್ವನಾಮಗಳು ಮಾತ್ರ.

ಈ ಜಾಣ್ಮೆ ಹೊರಗಿನಿಂದ ಕಾಣುವುದಿಲ್ಲ. 2022ರ ಡಿಸೆಂಬರ್ 6ರಂದು ಬೆಳಗಾವಿ ಬಳಿಯ ಹಿರೇಬಾಗೇವಾಡಿಯಲ್ಲಿ ಕಲ್ಲು ಬಿದ್ದದ್ದು ಮಹಾರಾಷ್ಟ್ರದ ನೋಂದಣಿ ಫಲಕಗಳ ಲಾರಿಗಳ ಮೇಲೆ. ಅದೇ ದಿನಗಳಲ್ಲಿ ಮಹಾರಾಷ್ಟ್ರದಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿಯಲಾಯಿತು. ಕೊಲ್ಹಾಪುರದ ‘ಎಂಎಚ್ 09’ ಫಲಕ ಗಾಡಿಯ ರಾಜ್ಯವನ್ನು ಹೇಳುತ್ತದೆ. ಒಳಗೆ ಕುಳಿತವನು ಗಡಹಿಂಗ್ಲಜದ ಕನ್ನಡಿಗನೇ ಎಂಬುದನ್ನು ಹೇಳುವುದಿಲ್ಲ. 2011ರ ಜನಗಣತಿ ಮಾತೃಭಾಷೆಯ ಜೊತೆಗೆ ತಿಳಿದ ಇನ್ನೆರಡು ಭಾಷೆಗಳನ್ನು ಕೇಳಿತು, ಅವನ್ನು ಎಲ್ಲಿ ಕಲಿತಿರಿ ಎಂದು ಕೇಳಲಿಲ್ಲ.

ಇಬ್ಬರು ಚಾಲಕರ ಕಡ್ಡಾಯ 2018ರಲ್ಲಿ ರದ್ದಾಯಿತು. ಹಿಂದಿನ ವರ್ಷ ಜಿಎಸ್‌ಟಿ ಬಂದು ಮಾರಾಟ ತೆರಿಗೆಯ ತಪಾಸಣಾ ಠಾಣೆಗಳೂ ಎದ್ದುಹೋಗಿದ್ದವು. ಅಲ್ಲಿ ಸಾಲಿನಲ್ಲಿ ನಿಂತು ಎರಡು ಭಾಷೆಯಲ್ಲಿ ವಾದಿಸುವ ಅಗತ್ಯವೂ ಅದರೊಡನೆ ಹೋಯಿತು. ಕ್ಲೀನರನ ಭತ್ತೆ ಮಾಲೀಕನಿಗೆ ಉಳಿತಾಯ. 2019ರ ಆಗಸ್ಟಿನಲ್ಲಿ ಪಂಚಗಂಗೆಯ ಮಹಾಪೂರ ಶಿರೋಲಿಯ ಬಳಿ ಹೆದ್ದಾರಿಯನ್ನು ಮುಳುಗಿಸಿ, ಲಾರಿಗಳು ದಿನಗಟ್ಟಲೆ ಸಾಲುಗಟ್ಟಿ ನಿಂತಾಗ, ಗಾಡಿಯಲ್ಲಿ ಒಬ್ಬನೇ ಇದ್ದವನಿಗೆ ಸರಕು ಬಿಟ್ಟು ಅನ್ನ ಹುಡುಕಲು ಹೋಗುವುದೇ ಕಷ್ಟ.

1989ರಲ್ಲಿ ಹದಿನೈದರ ಹರೆಯದಲ್ಲಿ ಕ್ಯಾಬಿನ್ ಹತ್ತಿದ ಹುಡುಗ ಈಗ ಐವತ್ತು ದಾಟಿದ್ದಾನೆ. ಕೊಲ್ಹಾಪುರದ ಬೆಲ್ಲದ ಅಡತಿ ಅಂಗಡಿಗಳ ಎದುರು, ಇಚಲಕರಂಜಿಯ ಸಾಗಣೆ ಕಚೇರಿಗಳ ಕಟ್ಟೆಯ ಮೇಲೆ ಅವನು ಇನ್ನೂ ಸಿಗುತ್ತಾನೆ. ಗಡಿನಾಡಿನ ಭಾಷಾ ಸಮೀಕ್ಷೆಗಳು ಶಾಲೆ ಮತ್ತು ಮನೆಯನ್ನು ಕೇಳುವ ಜೊತೆಗೆ ಮೊದಲ ಉಸ್ತಾದ ಯಾರು, ಅವನು ಯಾವ ಭಾಷೆಯಲ್ಲಿ ಬೈಯುತ್ತಿದ್ದ ಎಂದೂ ಅವನನ್ನು ಕೇಳಬೇಕು.