ಕಸ ಎತ್ತೋಕೆ ಎಷ್ಟು ಕೊಡಬೇಕು? ಸ್ಯಾನ್ ಫ್ರಾನ್ಸಿಸ್ಕೋದ ತೊಂಬತ್ತು ವರ್ಷದ ಲೆಕ್ಕ

ನಮ್ಮ ಐಟಿ ಮಂದಿಗೆ ಸ್ಯಾನ್ ಫ್ರಾನ್ಸಿಸ್ಕೋ ಅಂದ ಕೂಡಲೇ ನೆನಪಾಗೋದು ಆ ಕೆಂಪು ಸೇತುವೆ, ಸ್ಟಾರ್ಟಪ್ಪುಗಳು, ಆನ್‌ಸೈಟ್‌ಗೆ ಹೋದವರು ಕಳಿಸೋ ಫೋಟೋಗಳು. ಆ ಊರಿನ ಕಸದ ಕಥೆಯನ್ನ ಮಾತ್ರ ಯಾರೂ ಹೇಳಲ್ಲ. ಓದ್ತಾ ಹೋದ ಹಾಗೆ ನನಗೆ ಸೇತುವೆಗಿಂತ ಕಸದ ಕಥೆಯೇ ಹೆಚ್ಚು ರುಚಿಸಿತು. ಕಸ ರುಚಿಸಿತು ಅಂದೆ ಅಂತ ನಗಬೇಡಿ :)

ಪ್ರಶ್ನೆ ಬಹಳ ಸರಳ. ಒಂದು ಊರಿನ ಕಸ ಎತ್ತುವ ಕೆಲಸವನ್ನ ಯಾರಿಗೆ ಕೊಡಬೇಕು? ಎಷ್ಟು ವರ್ಷಕ್ಕೆ ಕೊಡಬೇಕು? ಮನೆಯವರು ತಿಂಗಳಿಗೆ ಎಷ್ಟು ದುಡ್ಡು ಕೊಡಬೇಕು? ಎಲ್ಲಕ್ಕಿಂತ ಮುಖ್ಯವಾಗಿ, ಆ ದುಡ್ಡಿನ ಲೆಕ್ಕ ಸರಿಯಿದೆಯಾ ಅಂತ ನೋಡೋರು ಯಾರು? 2025ರ ಏಪ್ರಿಲ್‌ನಿಂದ ಬೆಂಗಳೂರಿನಲ್ಲಿ ಆಸ್ತಿ ತೆರಿಗೆಯ ಜೊತೆಗೆ ಕಸದ ಬಳಕೆದಾರರ ಶುಲ್ಕವೂ ಸೇರಿಕೊಂಡಿದೆ. ಹಾಗಾಗಿ ಈ ಪ್ರಶ್ನೆ ಈಗ ನಮ್ಮದೂ ಹೌದು. ಅದಕ್ಕೇ ಬೇರೆಯವರು ಇದರಲ್ಲಿ ಏನೇನು ಕಂಡರು ಅಂತ ತಿಳಿದುಕೊಂಡರೆ ನಷ್ಟವಿಲ್ಲ.

ಕಥೆ ಶುರುವಾಗೋದು ಇಟಲಿಯಿಂದ. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಜಿನೋವಾ ಕಡೆಯ ಹಳ್ಳಿಗಳಿಂದ ಬಂದ ಬಡ ವಲಸಿಗರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಸ ಎತ್ತುವ ಕೆಲಸ ಹಿಡಿದರು. ಇಂಗ್ಲಿಷ್ ಬರ್ತಿರಲಿಲ್ಲ, ಬೇರೆ ಕೆಲಸ ಸಿಗ್ತಿರಲಿಲ್ಲ. ಕುದುರೆ ಗಾಡಿ ಕಟ್ಟಿಕೊಂಡು ಬೀದಿ ಬೀದಿ ಸುತ್ತೋದು, ಆ ಊರಿನ ಏರುದಿಣ್ಣೆಗಳಲ್ಲಿ ಮೆಟ್ಟಿಲು ಹತ್ತಿಳಿದು ಡಬ್ಬಗಳನ್ನ ಬೆನ್ನ ಮೇಲೆ ಹೊತ್ತು ತರೋದು. ತಂದದ್ದರಲ್ಲಿ ಬಟ್ಟೆ, ಬಾಟಲಿ, ಮೂಳೆ ಆರಿಸಿ ಮಾರೋದು, ಉಳಿದ ಅನ್ನ ತರಕಾರಿ ಹಂದಿ ಸಾಕೋರಿಗೆ. ಇವತ್ತು ನಾವು 'ಮೂಲದಲ್ಲೇ ವಿಂಗಡಣೆ' ಅಂತೀವಲ್ಲ, ಅದನ್ನ ಅವರು ಹೊಟ್ಟೆಪಾಡಿಗಾಗಿ ಗಾಡಿ ಮೇಲೇ ಮಾಡ್ತಿದ್ರು. ಜನ ಅವರನ್ನ ಕರೀತಿದ್ದದ್ದು ಸ್ಕ್ಯಾವೆಂಜರ್ ಅಂತ.

ಆಗ ದರ ಅನ್ನೋದೇ ಇರಲಿಲ್ಲ. ಒಂದೇ ಬೀದಿಯಲ್ಲಿ ನಾಲ್ಕಾರು ಗಾಡಿಗಳು, ಒಬ್ಬೊಬ್ಬರದ್ದು ಒಂದೊಂದು ರೇಟು, ಗಿರಾಕಿಗಳಿಗಾಗಿ ಜಗಳ, ಕೈ ಕೈ ಮಿಲಾಯಿಸೋದು. ಲಾಭ ಇರೋ ಬೀದಿಗೆ ಎಲ್ಲರೂ ಬರ್ತಿದ್ರು, ಬಡವರ ಬೀದಿಗೆ ಯಾರೂ ಬರ್ತಿರಲಿಲ್ಲ. ಇದರಿಂದ ಬೇಸತ್ತ ಸ್ಕ್ಯಾವೆಂಜರ್‌ಗಳು ತಾವೇ ಗುಂಪು ಕಟ್ಟಿಕೊಂಡರು. 1920ರ ಆಸುಪಾಸಿನಲ್ಲಿ ಎರಡು ಸಂಘಗಳು ಗಟ್ಟಿಯಾಗಿ ನಿಂತವು: ಸನ್‌ಸೆಟ್ ಸ್ಕ್ಯಾವೆಂಜರ್ ಮತ್ತು ಸ್ಕ್ಯಾವೆಂಜರ್ಸ್ ಪ್ರೊಟೆಕ್ಟಿವ್ ಅಸೋಸಿಯೇಷನ್. ಇವು ನಾವು ತಿಳಿದ ಅರ್ಥದ ಕಂಪನಿಗಳಲ್ಲ. ಗಾಡಿ ಎಳೆಯೋನೇ ಪಾಲುದಾರ. ಕಸ ಹೊರೋ ಕೈಗೇ ಷೇರು. ಅಪ್ಪನ ಪಾಲು ಮಗನಿಗೆ ಹೋಗ್ತಿತ್ತು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು ಅನಿಸುತ್ತೆ. ನಮ್ಮಲ್ಲಿ ಕಸ ಎತ್ತುವ ಕೆಲಸ ಜಾತಿಗೆ ಅಂಟಿಕೊಂಡು ಬಂತು. ಬೆಂಗಳೂರಿನ ಪೌರಕಾರ್ಮಿಕರು ವರ್ಷಗಟ್ಟಲೆ ಗುತ್ತಿಗೆದಾರರ ಕೈಕೆಳಗೆ ದುಡಿದರು, ಸಂಬಳಕ್ಕಾಗಿ, ಕಾಯಂ ಆಗೋದಕ್ಕಾಗಿ ಬೀದಿಗಿಳಿದರು. ಗುತ್ತಿಗೆ ಇದ್ದದ್ದು ಲಾರಿ ಇದ್ದವನ ಹೆಸರಲ್ಲಿ, ಪೊರಕೆ ಹಿಡಿದವಳ ಹೆಸರಲ್ಲಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲೂ ಆ ಕೆಲಸಕ್ಕೆ ಮರ್ಯಾದೆ ಇರಲಿಲ್ಲ, ಆದರೆ ಕೆಲಸದ ಒಡೆತನ ಕೆಲಸಗಾರನದ್ದಾಗಿತ್ತು. ಮುಂದಿನ ತೊಂಬತ್ತು ವರ್ಷದ ಒಳ್ಳೇದೂ ಕೆಟ್ಟದ್ದೂ ಎರಡೂ ಹುಟ್ಟಿದ್ದು ಆ ಒಡೆತನದಿಂದಲೇ.

ಈಗ ಮುಖ್ಯ ತಿರುವು. 1932ರ ನವೆಂಬರ್‌ನಲ್ಲಿ ಊರಿನ ಮತದಾರರೇ ಒಂದು ಕಾನೂನಿಗೆ ವೋಟು ಹಾಕಿದರು. ಅದರ ಪ್ರಕಾರ ಊರನ್ನ 97 ಕಸದ ಮಾರ್ಗಗಳಾಗಿ ಹಂಚಲಾಯಿತು. ಒಂದೊಂದು ಮಾರ್ಗಕ್ಕೂ ಒಂದು ಪರವಾನಗಿ. ಒಂದು ಮಾರ್ಗದಲ್ಲಿ ಪರವಾನಗಿ ಇದ್ದವನು ಬಿಟ್ಟು ಬೇರೆಯವರು ಕಸ ಎತ್ತುವ ಹಾಗಿಲ್ಲ. ದರಗಳನ್ನೂ ಆ ಕಾನೂನಿನಲ್ಲೇ ಬರೆದಿಟ್ಟರು. ಮನೆಯಲ್ಲಿ ಎಷ್ಟು ಕೋಣೆ ಇವೆ ಅನ್ನೋದರ ಮೇಲೆ ತಿಂಗಳ ದರ. ಜಗಳ ನಿಂತಿತು, ಬಡವರ ಬೀದಿಗೂ ಗಾಡಿ ಬಂತು. ಅಲ್ಲಿವರೆಗೂ ಒಳ್ಳೆಯ ಕಾನೂನೇ.

ಆದರೆ ಅದರಲ್ಲಿ ಒಂದು ವಿಷಯ ಇರಲಿಲ್ಲ. ಕೊನೆಯ ತಾರೀಖು!

ಪರವಾನಗಿ ಎಷ್ಟು ವರ್ಷಕ್ಕೆ ಅಂತ ಬರೆದಿರಲೇ ಇಲ್ಲ. ಕೆಲವೇ ವರ್ಷಗಳಲ್ಲಿ 97 ಪರವಾನಗಿಗಳೂ ಮೇಲೆ ಹೇಳಿದ ಆ ಎರಡು ಸಂಘಗಳ ಕೈಲಿದ್ದವು. ಟೆಂಡರ್ ಇಲ್ಲ, ನವೀಕರಣ ಇಲ್ಲ, ಬೇರೆ ಊರುಗಳಲ್ಲಿ ಇರುವಂಥ ಗುತ್ತಿಗೆ ಪತ್ರವೂ ಇಲ್ಲ. ಮತದಾರರು ಮಾಡಿದ ಕಾನೂನಾದ್ದರಿಂದ ಊರಿನ ಆಡಳಿತ ಮಂಡಳಿ ತಾನಾಗಿ ಒಂದಕ್ಷರ ತಿದ್ದುವ ಹಾಗೂ ಇರಲಿಲ್ಲ, ಮತ್ತೆ ಮತದಾರರ ಹತ್ತಿರವೇ ಹೋಗಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಒಂದು ತಾತ್ಕಾಲಿಕ ಪ್ಯಾಚ್ ನೇರವಾಗಿ ಪ್ರೊಡಕ್ಷನ್‌ಗೆ ಹೋಗಿ ತೊಂಬತ್ತು ವರ್ಷ ಅಲ್ಲೇ ಕೂತುಬಿಟ್ಟಿತು. ಮುಟ್ಟಿದರೆ ಏನು ಒಡೆಯುತ್ತೋ ಅಂತ ಯಾರೂ ಮುಟ್ಟಲಿಲ್ಲ.

ಸಂಘಗಳು ಬೆಳೆದವು. 1980ರ ದಶಕದಲ್ಲಿ ಎರಡೂ ನಾರ್ಕಾಲ್ ಅನ್ನೋ ಒಂದೇ ಸಂಸ್ಥೆಯ ಸೂರಿನಡಿ ಬಂದವು. ಪಾಲುದಾರಿಕೆಯ ಹಳೆಯ ಪದ್ಧತಿ ಹೋಗಿ, ನೌಕರರ ಹೆಸರಲ್ಲಿ ಟ್ರಸ್ಟ್ ಷೇರು ಇಟ್ಟುಕೊಳ್ಳುವ ಪದ್ಧತಿ ಬಂತು. 2009ರಲ್ಲಿ ಆ ಸಂಸ್ಥೆ ರಿಕಾಲಜಿ ಅಂತ ಹೆಸರು ಬದಲಾಯಿಸಿಕೊಂಡಿತು. ಎರಡು ಸಂಘ ಹೋಗಿ ಒಂದಾಯಿತು, ಪರವಾನಗಿ ಮಾತ್ರ 1932ರದ್ದೇ.

ಹಾಗಂತ ಈ ಏಕಸ್ವಾಮ್ಯದಿಂದ ಬರೀ ಕೆಟ್ಟದ್ದೇ ಆಯ್ತು ಅಂದ್ರೆ ಅನ್ಯಾಯ. 1989ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಒಂದು ಕಾನೂನು ಮಾಡಿ, 2000ದ ಹೊತ್ತಿಗೆ ಎಲ್ಲ ಊರುಗಳೂ ಕಸದಲ್ಲಿ ಅರ್ಧದಷ್ಟನ್ನ ಗುಂಡಿಗೆ ಹೋಗದ ಹಾಗೆ ತಡೀಬೇಕು ಅಂತ ಹೇಳಿತು. ಸ್ಯಾನ್ ಫ್ರಾನ್ಸಿಸ್ಕೋ 1996ರಲ್ಲಿ ಆಹಾರದ ಹಸಿ ಕಸವನ್ನ ಬೇರೆಯಾಗಿ ಎತ್ತೋದನ್ನ ಪ್ರಾಯೋಗಿಕವಾಗಿ ಶುರು ಮಾಡಿತು. ಆಮೇಲೆ ಮೂರು ಡಬ್ಬದ ಪದ್ಧತಿ ಬಂತು. ನೀಲಿ ಮರುಬಳಕೆಗೆ, ಹಸಿರು ಹಸಿ ಕಸಕ್ಕೆ, ಕಪ್ಪು ಉಳಿದದ್ದಕ್ಕೆ. 2009ರಲ್ಲಿ ಹಸಿ ಕಸ ಬೇರೆ ಮಾಡೋದನ್ನ ಮನೆ, ಅಂಗಡಿ, ಹೋಟೆಲ್ ಎಲ್ಲರಿಗೂ ಕಡ್ಡಾಯ ಮಾಡಿದರು. ಅಮೆರಿಕದ ದೊಡ್ಡ ನಗರಗಳಲ್ಲಿ ಅದೇ ಮೊದಲು. ಆ ಹಸಿ ಕಸದ ಗೊಬ್ಬರ ಸುತ್ತಮುತ್ತಲಿನ ಹೊಲಗಳಿಗೆ, ದ್ರಾಕ್ಷಿ ತೋಟಗಳಿಗೆ ಹೋಯಿತು. ಒಂದೇ ಸಂಸ್ಥೆ, ನಾಳೆ ಕೆಲಸ ಹೋಗುತ್ತೆ ಅನ್ನೋ ಭಯ ಇಲ್ಲ, ಹಾಗಾಗಿ ಹತ್ತಿಪ್ಪತ್ತು ವರ್ಷದ ಲೆಕ್ಕ ಹಾಕಿ ಗೊಬ್ಬರದ ಘಟಕಕ್ಕೆ ದುಡ್ಡು ಸುರಿಯಬಹುದಿತ್ತು. ಎರಡು ವರ್ಷಕ್ಕೊಮ್ಮೆ ಟೆಂಡರ್ ಕರೆದು, ಅದನ್ನ ಮೂರು ಸಲ ಮುಂದೂಡುವ ಊರಿನಲ್ಲಿ ಇದನ್ನ ಮಾಡೋದು ಕಷ್ಟ.

(ಅಂದ ಹಾಗೆ, ಊರ ಕಸದಿಂದ ಗೊಬ್ಬರ ಮಾಡೋದು ನಮಗೇನೂ ಹೊಸದಲ್ಲ. ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಶುರುವಾಗಿದ್ದು 1975ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋಗಿಂತ ಇಪ್ಪತ್ತು ವರ್ಷ ಮೊದಲು! ನಮ್ಮ ಊರಿಗೆ ಕೊರತೆ ಇದ್ದದ್ದು ಐಡಿಯಾದ್ದಲ್ಲ. ಬೇರೆ ಮಾಡಿದ ಹಸಿ ಕಸ ಅಲ್ಲಿಗೆ ದಿನಾ ತಲುಪಬೇಕಿತ್ತು, ಅಷ್ಟೇ.)

ಇನ್ನು ದರದ ವಿಷಯಕ್ಕೆ ಬರೋಣ. ಕೋಣೆ ಎಣಿಸಿ ದರ ಹಾಕೋ ಕಾಲ ಹೋಗಿ, ಡಬ್ಬದ ಅಳತೆಯ ಮೇಲೆ ದರ ಬಂತು. ಕಪ್ಪು ಡಬ್ಬ ದೊಡ್ಡದಾದಷ್ಟೂ ಬಿಲ್ ಜಾಸ್ತಿ. ನೀಲಿ, ಹಸಿರು ಡಬ್ಬ ಮನೆಗಳಿಗೆ ಪುಕ್ಕಟೆ. ಜನ ಜಾಣರು, ಕಪ್ಪು ಡಬ್ಬ ಚಿಕ್ಕದು ಮಾಡಿಕೊಂಡರು. ಯೋಜನೆ ಗೆದ್ದಿತು... ಆದರೆ ಗೆದ್ದಷ್ಟೂ ಆದಾಯ ಕಮ್ಮಿಯಾಯಿತು! ಯಾಕಂದ್ರೆ ಮೂರು ಡಬ್ಬದ ಖರ್ಚನ್ನೂ ಹೊರುತ್ತಿದ್ದದ್ದು ಕಪ್ಪು ಡಬ್ಬದ ದುಡ್ಡು. ಕಡೆಗೆ 2013ರ ದರಪಟ್ಟಿಯಲ್ಲಿ ಮೊದಲ ಸಲ ಮನೆಗಳ ನೀಲಿ, ಹಸಿರು ಡಬ್ಬಗಳಿಗೂ ಸ್ವಲ್ಪ ಶುಲ್ಕ ಹಾಕಿದರು. ಹಸಿ ಕಸ ಎತ್ತೋದಕ್ಕೂ ಲಾರಿ ಬೇಕು, ಡೀಸೆಲ್ ಬೇಕು, ಜನ ಬೇಕು. ಪುಕ್ಕಟೆ ಅನ್ನೋದು ಬಿಲ್ಲಿನಲ್ಲಿ ಮಾತ್ರ.

ದರ ನಿರ್ಧಾರ ಆಗ್ತಿದ್ದದ್ದು ಹೀಗೆ. ಕಂಪನಿ ತನ್ನ ಖರ್ಚಿನ ಪಟ್ಟಿ ಕೊಟ್ಟು ಅರ್ಜಿ ಹಾಕುತ್ತೆ. ನಗರದ ಲೋಕೋಪಯೋಗಿ ಇಲಾಖೆ ವಿಚಾರಣೆ ನಡೆಸಿ ಶಿಫಾರಸು ಮಾಡುತ್ತೆ. ಯಾರಾದರೂ ಆಕ್ಷೇಪಣೆ ಎತ್ತಿದರೆ ಮೂರು ಅಧಿಕಾರಿಗಳ ದರ ಮಂಡಳಿ ಕೂರುತ್ತೆ. ಲಾಭಕ್ಕೆ ಒಂದು ಸೂತ್ರ ಇತ್ತು: ಒಪ್ಪಿದ ಖರ್ಚು 91 ಡಾಲರ್ ಆದರೆ ವಸೂಲಿ 100 ಡಾಲರ್. ಅಂದರೆ ಖರ್ಚು ಜಾಸ್ತಿ ತೋರಿಸಿದಷ್ಟೂ ಲಾಭವೂ ಜಾಸ್ತಿ. ಇಂಥ ಸೂತ್ರದಲ್ಲಿ ಖರ್ಚಿನ ಪಟ್ಟಿಯನ್ನ ಪರೀಕ್ಷೆ ಮಾಡೋನೇ ಇಡೀ ವ್ಯವಸ್ಥೆಯ ಬೀಗ. ಅವನು ಸಡಿಲವಾದರೆ ಮುಗೀತು.

ಟೆಂಡರ್ ಕರೀಬೇಕು ಅಂತ ಹೋರಾಡಿದವರೂ ಇದ್ದರು. 2012ರ ಜೂನ್‌ನಲ್ಲಿ ಪ್ರಪೊಸಿಷನ್ ಎ ಅಂತ ಮತಕ್ಕೆ ಹಾಕಿದರು. ಜನ ಮುಕ್ಕಾಲು ಪಾಲಿಗಿಂತ ಹೆಚ್ಚು ಮತಗಳಿಂದ ಅದನ್ನ ತಳ್ಳಿಹಾಕಿದರು. ಕಸ ಸಮಯಕ್ಕೆ ಸರಿಯಾಗಿ ಹೋಗ್ತಿದೆ, ಊರಿಗೆ ಒಳ್ಳೆ ಹೆಸರಿದೆ, ಯಾಕೆ ಕೆಡಿಸೋದು? ಜನರನ್ನ ಬೈಯೋ ಹಾಗಿಲ್ಲ, ನಾವಿದ್ದರೂ ಹಾಗೇ ಮಾಡ್ತಿದ್ವೇನೋ.

2020ರ ಜನವರಿಯಲ್ಲಿ ಬೀಗ ಬಿದ್ದೇ ಹೋಯ್ತು. ಅದೇ ಲೋಕೋಪಯೋಗಿ ಇಲಾಖೆಯ ನಿರ್ದೇಶಕ ಮೊಹಮ್ಮದ್ ನೂರು ಭ್ರಷ್ಟಾಚಾರದ ಆರೋಪದಲ್ಲಿ ಎಫ್‌ಬಿಐ ಕೈಗೆ ಸಿಕ್ಕಿಬಿದ್ದ. ಅದರ ಬೆನ್ನಿಗೇ ಶುರುವಾದ ತನಿಖೆಯಲ್ಲಿ ಕಸದ ಬಿಲ್ಲೂ ಹೊರಬಂತು. 2017ರ ದರ ಏರಿಕೆಯಲ್ಲಿ ಆದಾಯದ ಲೆಕ್ಕ ತಪ್ಪಿತ್ತು. 7 ಶೇಕಡಾ ಏರಬೇಕಿದ್ದ ದರ 14 ಶೇಕಡಾ ಏರಿತ್ತು! ಸುಮಾರು ನಾಲ್ಕು ವರ್ಷ ಊರಿನ ಜನ ಹೆಚ್ಚು ಕಟ್ಟುತ್ತಲೇ ಇದ್ದರು. 2021ರ ಮಾರ್ಚ್‌ನಲ್ಲಿ ನಗರದ ವಕೀಲ ಡೆನಿಸ್ ಹೆರೇರಾ ಒಪ್ಪಂದ ಪ್ರಕಟಿಸಿದರು: ಬಡ್ಡಿ ಸೇರಿ 9.45 ಕೋಟಿ ಡಾಲರ್ ಗ್ರಾಹಕರಿಗೆ ವಾಪಸ್. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ರಿಕಾಲಜಿಯ ಸ್ಯಾನ್ ಫ್ರಾನ್ಸಿಸ್ಕೋ ಅಂಗಸಂಸ್ಥೆಗಳು ನೂರುಗೆ ಲಂಚ ಕೊಡುವ ಸಂಚಿನಲ್ಲಿದ್ದದ್ದನ್ನ ಒಪ್ಪಿಕೊಂಡು 3.6 ಕೋಟಿ ಡಾಲರ್ ದಂಡಕ್ಕೆ ತಲೆಬಾಗಿದವು. 2022ರ ಆಗಸ್ಟ್‌ನಲ್ಲಿ ನೂರುಗೆ ಏಳು ವರ್ಷ ಜೈಲು ಶಿಕ್ಷೆ ಆಯಿತು.

ಬೆನ್ನ ಮೇಲೆ ಡಬ್ಬ ಹೊತ್ತು, ಮಗನಿಗೆ ಪಾಲು ಬಿಟ್ಟುಹೋದ ಆ ಇಟಲಿಯ ಮಂದಿ ಕಟ್ಟಿದ ಸಂಸ್ಥೆ ಬಂದು ನಿಂತದ್ದು ಇಲ್ಲಿಗೆ ಅಂತ ಓದುವಾಗ ನಿಜಕ್ಕೂ ಬೇಜಾರಾಯ್ತು.

2022ರ ಜೂನ್‌ನಲ್ಲಿ ಮತ್ತೆ ಮತದಾನ, ಪ್ರಪೊಸಿಷನ್ ಎಫ್. ಈ ಸಲ ಜನ ಹೂಂ ಅಂದರು. ಏನು ಬದಲಾಯ್ತು ನೋಡಿ. ದರದ ಪರಿಶೀಲನೆ ಲೋಕೋಪಯೋಗಿ ಇಲಾಖೆಯಿಂದ ನಗರದ ಲೆಕ್ಕ ನಿಯಂತ್ರಕರ ಕಚೇರಿಗೆ ಹೋಯಿತು. ಮೂರು ಜನರ ಮಂಡಳಿಯಲ್ಲಿ ಬಿಲ್ ಕಟ್ಟೋ ಜನರ ಪ್ರತಿನಿಧಿಗೆ ಒಂದು ಕುರ್ಚಿ ಸಿಕ್ಕಿತು. ತೊಂಬತ್ತು ವರ್ಷದಲ್ಲಿ ಆ ಕುರ್ಚಿ ಇರಲೇ ಇಲ್ಲ! ಏನು ಬದಲಾಗಲಿಲ್ಲ ಅಂತಲೂ ಹೇಳಬೇಕು: ಕೊನೆಯ ತಾರೀಖಿಲ್ಲದ ಆ ಪರವಾನಗಿಗಳು ಹಾಗೇ ಉಳಿದವು. ಊರು ಕಂಪನಿಯನ್ನ ಬದಲಾಯಿಸಲಿಲ್ಲ, ಲೆಕ್ಕ ನೋಡುವವರನ್ನ ಬದಲಾಯಿಸಿತು.

ಇದರಲ್ಲಿ ನಮಗೇನಿದೆ?

2012ರಲ್ಲಿ ಮಾವಳ್ಳಿಪುರದ ಕಸದ ಗುಂಡಿ ಮುಚ್ಚಿ, ಬೆಂಗಳೂರಿನ ಬೀದಿಗಳಲ್ಲಿ ಕಸ ಕೊಳೆತದ್ದು ನಿಮಗೆಲ್ಲ ನೆನಪಿರಬಹುದು. ಆಮೇಲೆ ಮಂಡೂರಿನ ಜನ ನಮ್ಮ ಕಸದ ವಾಸನೆ ಕುಡಿದು, ಪ್ರತಿಭಟಿಸಿ, 2014ರ ಕೊನೆಗೆ ಲಾರಿಗಳನ್ನ ನಿಲ್ಲಿಸಿದರು. ಆ ಗಲಾಟೆಗಳಲ್ಲಿ ನಾವು ಕೇಳಿದ್ದು ಕಸ ಎಲ್ಲಿಗೆ ಹೋಗುತ್ತೆ ಅಂತ. ಗುತ್ತಿಗೆಯ ಷರತ್ತು ಏನು, ದರ ಹೇಗೆ ನಿರ್ಧಾರ ಆಗುತ್ತೆ ಅಂತ ಕೇಳಿದವರು ಕಮ್ಮಿ. ಈಗ ನಮ್ಮ ಶುಲ್ಕ ಕಟ್ಟಡದ ವಿಸ್ತೀರ್ಣದ ಮೇಲೆ ಬರುತ್ತೆ, ಮನೆಗಳಿಗೆ ತಿಂಗಳಿಗೆ 10 ರೂಪಾಯಿಯಿಂದ 400 ರೂಪಾಯಿವರೆಗೆ. ಅಂದರೆ ಸ್ಯಾನ್ ಫ್ರಾನ್ಸಿಸ್ಕೋ 1932ರಲ್ಲಿ ಕೋಣೆ ಎಣಿಸಿದ ಹಾಗೆ ನಾವು ಚದರಡಿ ಎಣಿಸ್ತಾ ಇದ್ದೀವಿ. ಹಸಿ ಕಸವನ್ನ ಮನೆಯಲ್ಲೇ ಗೊಬ್ಬರ ಮಾಡೋ ಅಜ್ಜಿಗೂ, ಎಲ್ಲ ಒಂದೇ ಕವರ್‌ಗೆ ತುಂಬಿ ರಾತ್ರಿ ಮೂಲೆಗೆ ಎಸೆಯೋ ಮಹಾಶಯನಿಗೂ ಅಷ್ಟೇ ಚದರಡಿಗೆ ಅಷ್ಟೇ ರೇಟು.

ಶುಲ್ಕ ಬೇಡ ಅಂತ ನಾನು ಹೇಳ್ತಿಲ್ಲ. ಪೌರಕಾರ್ಮಿಕರಿಗೆ ಸರಿಯಾದ ಸಂಬಳ, ಗ್ಲೌಸು, ರಜೆ ಸಿಗಬೇಕಾದರೆ ದುಡ್ಡು ಬೇಕೇ ಬೇಕು, ಅದನ್ನ ನಾವೇ ಕೊಡಬೇಕು. ಆದರೆ ಕೊಡುವಾಗ ಮೂರು ಪ್ರಶ್ನೆ ಕೇಳೋಣ. ಈ ಗುತ್ತಿಗೆಗೆ ಕೊನೆಯ ತಾರೀಖು ಯಾವುದು? ಈ ದರದ ಹಿಂದಿನ ಲೆಕ್ಕ ಎಲ್ಲಿದೆ? ಅದನ್ನ ಪರೀಕ್ಷೆ ಮಾಡೋ ಮೇಜಿನ ಸುತ್ತ ನಮ್ಮ ಕಡೆಯವರೊಬ್ಬರು ಕೂತಿದ್ದಾರಾ?

ಮೂರನೇ ಪ್ರಶ್ನೆ ಕೇಳೋಕೆ ಸ್ಯಾನ್ ಫ್ರಾನ್ಸಿಸ್ಕೋ ತೊಂಬತ್ತು ವರ್ಷ ತಗೊಂಡಿತು. ನಾವು ಸ್ವಲ್ಪ ಬೇಗ ಕೇಳಬಹುದು ಅನಿಸುತ್ತೆ. ನಿಮ್ಮ ಊರುಗಳಲ್ಲಿ, ಮೈಸೂರು, ಮಂಗಳೂರು, ಹುಬ್ಬಳ್ಳಿ, ಶಿವಮೊಗ್ಗ ಎಲ್ಲೇ ಇರಲಿ, ಕಸದ ಶುಲ್ಕ ಹೇಗೆ ಹಾಕ್ತಾರೆ, ಯಾರು ಎತ್ತುತ್ತಾರೆ ಅಂತ ಗೊತ್ತಿದ್ದರೆ ಬರೀರಿ. ಒಂದಷ್ಟು ಊರುಗಳ ಲೆಕ್ಕ ಪಕ್ಕಪಕ್ಕ ಇಟ್ಟು ನೋಡೋಣ.