ಕನ್ನಡ ಕರಾವಳಿಯ ಮೀನುಗೊಬ್ಬರವೂ ಕಡಲ ಸಾರದ ವಿಚಾರವೂ

ನಮ್ಮ ಪಶ್ಚಿಮ ಕರಾವಳಿಯ ಚರಿತ್ರೆಯನ್ನು ಬರೆದವರು ಅಲ್ಲಿಯ ಬಂದರುಗಳನ್ನೂ, ಅಕ್ಕಿ ಮೆಣಸುಗಳ ವ್ಯಾಪಾರವನ್ನೂ, ಅರಸುಮನೆತನಗಳ ಏಳುಬೀಳುಗಳನ್ನೂ ವಿಸ್ತಾರವಾಗಿ ವಿವೇಚಿಸಿರುವರು. ಆದರೆ ಆ ನಾಡಿನ ತೋಟಗಳಿಗೆ ತಲೆತಲಾಂತರದಿಂದ ಗೊಬ್ಬರವನ್ನು ಒದಗಿಸಿದ ಕಡಲಿಗೆ ಆ ಸಾರವು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯು ಹೇಗೆ ಹುಟ್ಟಿತು, ಹೇಗೆ ಬೆಳೆಯಿತು ಎಂಬುದನ್ನು ಒಂದೆಡೆ ಕೂಡಿಸಿ ಹೇಳಿದುದು ಕಡಮೆ. ಬೂತಾಯಿ ಮೀನಿನ ಗೊಬ್ಬರದ ವೃತ್ತಾಂತವನ್ನು ಆಧಾರವಾಗಿಟ್ಟುಕೊಂಡು ಆ ಪ್ರಶ್ನೆಯ ಚರಿತ್ರೆಯನ್ನು ನಿರೂಪಿಸುವುದು ಈ ಲೇಖನದ ಉದ್ದೇಶ. ಕಡಲಿನ ಫಲವತ್ತತೆಯು ನೆಲದ ಕೊಡುಗೆಯೋ, ಕಡಲಿನ ಸ್ವಂತ ಸಂಪಾದನೆಯೋ ಎಂಬ ವಿವಾದವು ಪಂಡಿತರ ಗೋಷ್ಠಿಗೆ ಮಾತ್ರ ಸೇರಿದುದಲ್ಲ. ಮೀನು ಬಾರದ ವರ್ಷಗಳಲ್ಲಿ ತಪ್ಪು ಯಾರದೆಂಬ ನಿರ್ಣಯವೂ ಅದನ್ನೇ ಅವಲಂಬಿಸಿತ್ತು.

೧

ಮಂಗಳೂರಿನ ಸುತ್ತ ಬೂತಾಯಿಯೆಂದೂ, ಕುಂದಾಪುರದ ಕಡೆ ಬೈಗೆಯೆಂದೂ, ಉತ್ತರ ಕನ್ನಡದಲ್ಲಿ ತಾರ್ಲೆಯೆಂದೂ, ಮಲೆಯಾಳದಲ್ಲಿ ಮತ್ತಿಯೆಂದೂ ಕರೆಯಿಸಿಕೊಳ್ಳುವ ಈ ಮೀನು ಗೇಣುದ್ದವನ್ನು ಮೀರುವುದು ಅಪರೂಪ. ಮಳೆಗಾಲವು ಕಳೆಯುತ್ತ ಬಂದಂತೆ ಅದು ಹಿಂಡುಹಿಂಡಾಗಿ ದಡದ ಸಮೀಪಕ್ಕೆ ಬರುತ್ತದೆ. ಬಂದಾಗ ಊರು ತಿಂದು, ಒಣಗಿಸಿ, ಮಾರಿದರೂ ಮುಗಿಯದಷ್ಟು ಬರುತ್ತದೆ. ಬಾರದಿದ್ದರೆ ವರ್ಷಗಟ್ಟಲೆ ಬಾರದು. ಉಳಿದ ಮೀನನ್ನು ಮರಳಿನ ಮೇಲೆ ಒಣಹಾಕಿ ತೆಂಗಿನ ಬುಡಕ್ಕೆ ಹಾಕುವುದು ಕರಾವಳಿಯ ಹಳೆಯ ರೂಢಿ. ಹತ್ತೊಂಬತ್ತನೆಯ ಶತಮಾನದಲ್ಲಿ ಘಟ್ಟದ ಮೇಲೆ ಕಾಫಿಯ ತೋಟಗಳು ಹೆಚ್ಚಲು ಈ ಗೊಬ್ಬರಕ್ಕೆ ಹೊಸ ಗಿರಾಕಿಗಳು ದೊರೆತರು. ಮಲಬಾರಿನ ಮೀನುಗಳನ್ನು ಕುರಿತು ೧೮೬೫ರಲ್ಲಿ ಗ್ರಂಥವನ್ನು ಪ್ರಕಟಿಸಿದ ಫ್ರಾನ್ಸಿಸ್ ಡೇ ಅವರ ಕಾಲಕ್ಕಾಗಲೇ ಮೀನೆಣ್ಣೆಯು ರಫ್ತಿನ ಸರಕಾಗಿತ್ತು.

ಎಣ್ಣೆ ತೆಗೆಯುವ ಹಳೆಯ ಕ್ರಮವು ಸರಳವಾದರೂ ಹೇಸಿಗೆಯದು. ಮೀನನ್ನು ಕೊಳೆಯಲು ಬಿಟ್ಟು, ಮೇಲೆ ತೇಲಿದ ಎಣ್ಣೆಯನ್ನು ತೋಡಿಕೊಳ್ಳುತ್ತಿದ್ದರು. ದುರ್ಗಂಧವು ಊರನ್ನೆಲ್ಲ ಹಬ್ಬುತ್ತಿತ್ತು, ಎಣ್ಣೆಯೂ ಕೀಳಾಗುತ್ತಿತ್ತು, ಗೊಬ್ಬರದ ಸಾರದಲ್ಲಿ ಬಹುಭಾಗವು ಗಾಳಿಗೂ ನೀರಿಗೂ ಹೋಗುತ್ತಿತ್ತು. ಸಹಕಾರ ಚಳವಳಿಯ ಚರಿತ್ರೆಯಲ್ಲಿ ಪ್ರಸಿದ್ಧರಾದ ಸರ್ ಫ್ರೆಡರಿಕ್ ನಿಕಲ್ಸನ್ ಅವರು ೧೯೦೫ರಲ್ಲಿ ಮದರಾಸು ಸರ್ಕಾರದ ಪರವಾಗಿ ಮೀನುಗಾರಿಕೆಯ ಪರಿಶೀಲನೆಯನ್ನು ಕೈಗೊಂಡರು. ಜಪಾನಿನ ಪದ್ಧತಿಗಳನ್ನು ಅವರು ಕಣ್ಣಾರೆ ಕಂಡುಬಂದರು. ಮೀನು ಕೊಳೆಯುವ ಮೊದಲೇ ಅದನ್ನು ಬೇಯಿಸಿ ಹಿಂಡಿದರೆ ಶುದ್ಧವಾದ ಎಣ್ಣೆಯೂ, ಸಾರವು ನಷ್ಟವಾಗದ ಹಿಂಡಿಯೂ ದೊರೆಯುವುದೆಂದು ಮಲಬಾರಿನ ತಾನೂರಿನ ಪ್ರಯೋಗಶಾಲೆಯಲ್ಲಿ ತೋರಿಸಿಕೊಟ್ಟರು. ಕಡಾಯಿ, ಒಲೆ, ತಿರುಪಿನ ಒತ್ತುಯಂತ್ರ ಇಷ್ಟೇ ಅದಕ್ಕೆ ಬೇಕಾದ ಸಾಮಗ್ರಿ. ಸ್ವಲ್ಪ ಕಾಲದಲ್ಲಿಯೇ ಮಲಬಾರು ಮತ್ತು ದಕ್ಷಿಣ ಕನ್ನಡದ ದಡದಲ್ಲಿ ಇಂತಹ ನೂರಾರು ಸಣ್ಣ ಕಾರ್ಖಾನೆಗಳು ಎದ್ದುವು.

ಇಲ್ಲಿ ಚರಿತ್ರಕಾರನು ಗಮನಿಸತಕ್ಕ ಅಂಶವೊಂದುಂಟು. ಕಡಲಿನ ಸಾರವು ಅಂದಿನಿಂದ ತೂಕಕ್ಕೂ ಬೆಲೆಗೂ ಸಿಕ್ಕುವ ವಸ್ತುವಾಯಿತು. ಒಂದು ಮೂಟೆ ಹಿಂಡಿಯಲ್ಲಿ ಸಾರಜನಕವೆಷ್ಟು, ರಂಜಕವೆಷ್ಟು ಎಂದು ತೋಟದ ಯಜಮಾನನು ಕೇಳುವಂತಾಯಿತು. ಹೀಗೆ ಪ್ರತಿ ವರ್ಷವೂ ಕಡಲಿನಿಂದ ಹೊರಗೆ ಹೋಗುವುದರ ಲೆಕ್ಕವು ಹುಟ್ಟಿತೇ ಹೊರತು, ಅಲ್ಲಿಗೆ ಮರಳಿ ಬರುವುದರ ಲೆಕ್ಕವನ್ನು ಯಾರೂ ಇಡಲಿಲ್ಲ.

೨

ಆ ಎರಡನೆಯ ಲೆಕ್ಕದ ವಿಚಾರವು ಹುಟ್ಟಿದುದು ಯೂರೋಪಿನಲ್ಲಿ. ಪೈರಿಗೆ ಅವಶ್ಯವಾದ ಪದಾರ್ಥಗಳಲ್ಲಿ ಯಾವುದು ಅತ್ಯಲ್ಪವಾಗಿರುವುದೋ ಅದೇ ಬೆಳೆಯನ್ನು ನಿರ್ಧರಿಸುತ್ತದೆಂಬ ನಿಯಮವನ್ನು ಲೀಬಿಗ್ ಅವರು ಪ್ರಚಾರಕ್ಕೆ ತಂದಿದ್ದರು. ಜರ್ಮನಿಯ ಕೀಲ್ ನಗರದ ಕಾರ್ಲ್ ಬ್ರಾಂಟ್ ಅವರು ೧೮೯೯ರಲ್ಲಿ ಇದನ್ನೇ ಕಡಲಿಗೆ ಅನ್ವಯಿಸಿದರು. ಸಮುದ್ರದಲ್ಲಿ ತೇಲಾಡುವ ಸೂಕ್ಷ್ಮ ಸಸ್ಯಗಳು, ಎಂದರೆ ಪ್ಲವಕಗಳು, ಅಲ್ಲಿಯ ಹುಲ್ಲುಗಾವಲು. ಅವುಗಳ ಬೆಳೆಗೆ ಬೇಕಾದ ಸಾರಜನಕವು ನದಿಗಳ ಮೂಲಕ ನೆಲದಿಂದ ಬರುತ್ತದೆ, ಬೆಚ್ಚನೆಯ ಕಡಲುಗಳಲ್ಲಿ ಸೂಕ್ಷ್ಮಾಣುಗಳು ಅದನ್ನು ಬೇಗ ನಾಶಮಾಡುತ್ತವೆ, ಆದುದರಿಂದಲೇ ಶೀತಕಡಲುಗಳು ಹೆಚ್ಚು ಫಲವತ್ತಾಗಿವೆ ಎಂಬುದು ಅವರ ವಾದ. ನಾಥಾನ್ಸನ್ ಅವರು ೧೯೦೬ರಲ್ಲಿ ಬೇರೊಂದು ದಾರಿಯನ್ನು ತೋರಿಸಿದರು. ಮೇಲುನೀರಿನಲ್ಲಿ ಬದುಕಿದ ಜೀವಿಗಳ ಕಳೇಬರವು ಆಳಕ್ಕೆ ಇಳಿದು ಕೊಳೆಯುತ್ತದೆ, ಅದರ ಸಾರವು ತಳದ ನೀರಿನಲ್ಲಿ ಕೂಡಿಬೀಳುತ್ತದೆ, ಆ ನೀರು ಎಲ್ಲಿ ಮೇಲಕ್ಕೇರುವುದೋ ಅಲ್ಲಿಯೇ ಕಡಲು ಹುಲುಸಾಗುತ್ತದೆ ಎಂದು ಅವರು ತರ್ಕಿಸಿದರು.

ತರ್ಕವು ಅಳತೆಗೆ ಇಳಿದುದು ೧೯೨೦ರ ದಶಕದಲ್ಲಿ. ಇಂಗ್ಲೆಂಡಿನ ಪ್ಲಿಮತ್ ಪ್ರಯೋಗಶಾಲೆಯಲ್ಲಿ ಆಟ್ಕಿನ್ಸ್ ಅವರು ೧೯೨೩ರಿಂದ ಕಡಲನೀರಿನ ಫಾಸ್ಫೇಟನ್ನು ಅಳೆದು, ವಸಂತದಲ್ಲಿ ಪ್ಲವಕವು ಹೆಚ್ಚಿದಂತೆ ಅದು ತಗ್ಗುವುದನ್ನು ಕಾಣಿಸಿದರು. ಹಾರ್ವಿ ಅವರು ನೈಟ್ರೇಟಿನ ವಿಷಯದಲ್ಲಿ ಅದನ್ನೇ ಮಾಡಿದರು. ಅಮೆರಿಕದ ರೆಡ್‌ಫೀಲ್ಡ್ ಅವರು ೧೯೩೪ರಲ್ಲಿ, ಪ್ಲವಕದ ಒಡಲಿನಲ್ಲಿ ಈ ಪದಾರ್ಥಗಳಿರುವ ಪ್ರಮಾಣವೂ ಆಳದ ನೀರಿನಲ್ಲಿ ಕರಗಿರುವ ಪ್ರಮಾಣವೂ ಹೊಂದಿಕೊಳ್ಳುತ್ತವೆ ಎಂದು ತೋರಿಸಿದರು. ಮುಂದೆ ರೂಢಿಗೆ ಬಂದ ಲೆಕ್ಕದಂತೆ, ರಂಜಕದ ಒಂದು ಪರಮಾಣುವಿಗೆ ಸಾರಜನಕದವು ೧೬, ಇಂಗಾಲದವು ೧೦೬. ಅಂದರೆ ಆಳದ ನೀರಿನ ಸಾರವು ಹಿಂದೆ ಬದುಕಿದ್ದವುಗಳ ಶೇಷವೇ ಆಗಿದೆ.

೩

ನಮ್ಮ ಕರಾವಳಿಗೆ ಬರುವ. ನಿಕಲ್ಸನ್ ಅವರ ತರುವಾಯ ಮದರಾಸು ಮೀನುಗಾರಿಕೆಯ ಇಲಾಖೆಯನ್ನು ನಡೆಯಿಸಿದ ಜೇಮ್ಸ್ ಹಾರ್ನೆಲ್ ಅವರು, ಮಳೆಗಾಲದ ಕೊನೆಯಲ್ಲಿ ನೀರು ಬಣ್ಣಗೆಟ್ಟು ಮೀನುಗಳು ರಾಶಿರಾಶಿಯಾಗಿ ಸಾಯುವುದಕ್ಕೆ ಸೂಕ್ಷ್ಮಜೀವಿಗಳ ಮಿತಿಮೀರಿದ ವೃದ್ಧಿಯೇ ಕಾರಣವೆಂದು ೧೯೧೭ರಲ್ಲಿ ಬರೆದರು. ಅನಂತರ ರಾಮಸ್ವಾಮಿ ನಾಯುಡು ಅವರೊಡನೆ ಸೇರಿ ಬೂತಾಯಿಯ ಜೀವನಕ್ರಮವನ್ನೂ ಮಲಬಾರು ದಡದ ಪ್ಲವಕಗಳ ಋತುಮಾನವನ್ನೂ ಪರಿಶೀಲಿಸಿದರು. ಮೀನಿನ ಬರವನ್ನು ಅದರ ಮೇವಿನ ಬೆಳೆಯೊಡನೆ ಕೂಡಿಸಿ ನೋಡಿದ ಮೊದಲ ದೊಡ್ಡ ಪ್ರಯತ್ನವಿದು. ಈ ಶೋಧನೆಗಳಿಗೆ ಒಂದು ಕೊರತೆಯಿತ್ತು. ಉತ್ತರ ಕನ್ನಡವು ೧೮೬೨ರಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿದ್ದಿತು; ದಕ್ಷಿಣ ಕನ್ನಡವು ಮದರಾಸಿನಲ್ಲಿಯೇ ಉಳಿದಿತ್ತು. ೧೯೫೬ರವರೆಗೂ ಒಂದೇ ದಡದ ಮೀನು ಎರಡು ಸರ್ಕಾರಗಳ ಕಡತಗಳಲ್ಲಿ ಹಂಚಿಹೋಯಿತು.

ಕ್ರಿ. ಶ. ೧೯೪೦ರ ದಶಕದಲ್ಲಿ ಬೂತಾಯಿಯು ಬಹುಮಟ್ಟಿಗೆ ಕಾಣದಾಯಿತು. ಕಾರ್ಖಾನೆಗಳ ಒಲೆಗಳು ಆರಿದುವು. ಮೊಟ್ಟೆಯಿಡುವ ಮೀನನ್ನೂ ಎಳೆಯ ಮೀನನ್ನೂ ಅತಿಯಾಗಿ ಹಿಡಿದುದೇ ಕಾರಣವೆಂಬ ಅಭಿಪ್ರಾಯವು ಬಲವಾಯಿತು. ಮದರಾಸು ಸರ್ಕಾರವು ಎಳೆಯ ಬೂತಾಯಿಯನ್ನು ಹಿಡಿಯುವುದಕ್ಕೆ ನಿರ್ಬಂಧವನ್ನು ವಿಧಿಸಿ, ಕೆಲವು ವರ್ಷಗಳಲ್ಲಿ ಅದನ್ನು ಹಿಂತೆಗೆದುಕೊಂಡಿತು. ಸಣ್ಣ ಬಲೆಯೊಂದಿಗೆ ದೋಣಿಯೇರುವ ಮೊಗವೀರನ ಮೇಲೆ ಬಿದ್ದ ಈ ದೋಷಾರೋಪಣೆಯು ಪೂರ್ಣವಾಗಿ ನಿರಾಧಾರವೆಂದು ಹೇಳಲಾಗದು. ಆದರೆ ಕಡಲಿನ ಮೇವಿನ ಲೆಕ್ಕವನ್ನು ನೋಡದೆ ಕೊಟ್ಟ ತೀರ್ಪು ಅದು ಎಂಬುದರಲ್ಲಿ ಸಂದೇಹವಿಲ್ಲ. ಮಲಬಾರು ಮತ್ತು ಕೆನರಾ ದಡಗಳ ಮೀನುಗಾರಿಕೆಯು ಹಠಾತ್ತನೆ ಕುಸಿಯುವುದಕ್ಕೂ ಕೆಂಪುನೀರಿಗೂ ಸಂಬಂಧವಿರುವುದು ಸಂಭವವೆಂದು ಭೀಮಾಚಾರ್ ಮತ್ತು ಜಾರ್ಜ್ ಅವರು ೧೯೫೦ರಲ್ಲಿ ವಾದಿಸಿದರು. ಫ್ರಾಜಿಲೇರಿಯ ಓಷಿಯಾನಿಕ ಎಂಬ ಡಯಾಟಮ್ ಜಾತಿಯ ಪ್ಲವಕವು ಹೆಚ್ಚಾದಾಗ ಬೂತಾಯಿಯೂ ಹೆಚ್ಚುವುದೆಂದು ನಾಯರ್ ಮತ್ತು ಸುಬ್ರಹ್ಮಣ್ಯನ್ ಅವರು ೧೯೫೫ರಲ್ಲಿ ತಿಳಿಸಿದರು. ಭಾರತದಲ್ಲಿ ಹಿಡಿದ ಬೂತಾಯಿಯು ೧೯೫೬ರಲ್ಲಿ ಎಂಟು ಸಾವಿರ ಟನ್ನನ್ನೂ ಮುಟ್ಟಲಿಲ್ಲ. ೧೯೬೮ರಲ್ಲಿ ಮೂರು ಲಕ್ಷ ಟನ್ನುಗಳಷ್ಟಾಯಿತು. ಇಷ್ಟು ದೊಡ್ಡ ಏರಿಳಿತಕ್ಕೆ ಬಲೆಯೊಂದೇ ಕಾರಣವಾಗಲಾರದು.

೪

ಹಾಗಾದರೆ ಮೇವಿನ ಸಾರವು ಎಲ್ಲಿಂದ ಬಂದಿತು? ಘಟ್ಟದ ಮಳೆಯನ್ನೂ, ನೇತ್ರಾವತಿ ಶರಾವತಿಗಳ ಕೆಂಪು ಪ್ರವಾಹವನ್ನೂ ನೋಡಿದವರಿಗೆ ಬ್ರಾಂಟ್ ಅವರ ಉತ್ತರವೇ ಸಹಜವಾಗಿ ತೋರುತ್ತದೆ: ಮಳೆ ಬರುತ್ತದೆ, ಹೊಳೆಗಳು ಮಣ್ಣನ್ನು ತರುತ್ತವೆ, ಕಡಲು ಹುಲುಸಾಗುತ್ತದೆ. ಆದರೆ ಕಾರ್ಲ್ ಬಾನ್ಸೆ ಅವರು ೧೯೫೯ರಲ್ಲಿ ಪ್ರಕಟಿಸಿದ ಶೋಧನೆಯೂ, ಅದರ ಬೆನ್ನಿಗೆ ನಡೆದ ಅಂತರರಾಷ್ಟ್ರೀಯ ಹಿಂದೂಮಹಾಸಾಗರ ಯಾತ್ರೆಯೂ ಬೇರೆ ಸಂಗತಿಯನ್ನು ಹೊರಗೆಡಹಿದುವು. ನೈಋತ್ಯ ಮಾರುತದ ಕಾಲದಲ್ಲಿ ಆಳದ ತಣ್ಣೀರು ದಡದಂಚಿನ ತಗ್ಗುಕಡಲಿಗೆ ಏರಿಬರುತ್ತದೆ. ಅದರಲ್ಲಿ ನೈಟ್ರೇಟು ಫಾಸ್ಫೇಟುಗಳು ಹೇರಳ, ಆಮ್ಲಜನಕವು ಅತ್ಯಲ್ಪ. ಅದು ಬಂದಾಗ ತಳದ ಮೀನುಗಳು ಸ್ಥಳವನ್ನು ಬಿಡುತ್ತವೆ. ಬೆಳಕಿಗೆ ಬಂದ ಅದರ ಸಾರದಿಂದ ಪ್ಲವಕವು ಮೊಳೆಯುತ್ತದೆ. ಇಲ್ಲಿ ನಾಥಾನ್ಸನ್ ಅವರ ಮಾತೇ ನಿಂತಿತೆನ್ನಬೇಕು.

ಇಷ್ಟರಿಂದ ಹೊಳೆಗಳಿಗೆ ಪಾತ್ರವಿಲ್ಲವೆಂದಾಗುವುದಿಲ್ಲ. ಅವುಗಳ ಕೆಲಸವು ಮುಖ್ಯವಾಗಿ ಅಳಿವೆಗಳಲ್ಲಿ ನಡೆಯುತ್ತದೆ. ಸಿಹಿನೀರು ಉಪ್ಪುನೀರನ್ನು ಕೂಡುವಲ್ಲಿ ನಯವಾದ ಮಣ್ಣು ಮುದ್ದೆಗಟ್ಟಿ ತಳಕ್ಕಿಳಿಯುತ್ತದೆ. ಕಾಂಡ್ಲಾ ಗಿಡಗಳ ಎಲೆ, ಹುಲ್ಲು, ಕಸ ಅಲ್ಲಿಯೇ ಕೊಳೆಯುತ್ತವೆ. ಆ ಕೊಳೆತವನ್ನು ತಿಂದು ಸಿಗಡಿ, ಏಡಿ, ಚಿಪ್ಪುಜೀವಿಗಳು ಬೆಳೆಯುತ್ತವೆ. ಅಮೆರಿಕದ ಜಾರ್ಜಿಯಾ ತೀರದ ಉಪ್ಪುಜೌಗಿನಲ್ಲಿ ಟೀಲ್ ಅವರು ೧೯೬೨ರಲ್ಲಿ ಇದನ್ನೇ ಲೆಕ್ಕವಿಟ್ಟು ತೋರಿಸಿದರು. ಆದರೆ ನಮ್ಮ ಅಘನಾಶಿನಿಯ ಅಳಿವೆಯ ರೈತರು ಈ ಚಕ್ರವನ್ನು ಬೇಸಾಯದಲ್ಲಿಯೇ ಅಳವಡಿಸಿಕೊಂಡಿದ್ದರು. ಉಬ್ಬರದ ನೀರು ಏರುವ ಗಜನಿ ಗದ್ದೆಗಳಲ್ಲಿ ಮಳೆಯು ಉಪ್ಪನ್ನು ತೊಳೆದ ಬಳಿಕ ಕಗ್ಗವೆಂಬ ಭತ್ತವನ್ನು ಬಿತ್ತುವರು. ಕೊಯ್ಲಾದ ಮೇಲೆ ಉಳಿದ ಕೂಳೆಯು ನೀರಿನಲ್ಲಿ ಕೊಳೆತು, ತೂಬಿನಿಂದ ಒಳಬಂದ ಸಿಗಡಿ ಮೀನುಗಳಿಗೆ ಮೇವಾಗುವುದು. ಮುಂದಿನ ಬೆಳೆಗೆ ಹೊಳೆಯ ಮೆಕ್ಕಲೂ ಜಲಚರಗಳ ಶೇಷವೂ ಗೊಬ್ಬರವಾಗುವುವು. ಬೇರೆ ಗೊಬ್ಬರವನ್ನು ಹಾಕುವ ಪದ್ಧತಿಯಿಲ್ಲ. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅನೇಕ ಗಜನಿಗಳು ಸಿಗಡಿ ಸಾಕುವ ಹೊಂಡಗಳಾದುವು. ಕಗ್ಗದ ಬೇಸಾಯವು ಬಹಳವಾಗಿ ಕುಗ್ಗಿತು. ಈ ಅಳಿವೆಯು ೨೦೨೪ರಲ್ಲಿ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು.

ಹೊಳೆಗಳ ಇನ್ನೊಂದು ಕೆಲಸವನ್ನು ಈಚಿನ ಶೋಧನೆಯು ತಿಳಿಸಿದೆ. ಮಳೆಯ ಮತ್ತು ಹೊಳೆಗಳ ಸಿಹಿನೀರು ಹಗುರವಾದುದರಿಂದ ಕಡಲಿನ ಮೇಲೆ ಮುಚ್ಚಳದಂತೆ ಹರಡುತ್ತದೆ. ಅದರ ಕೆಳಗೆ ಏರಿಬಂದ ಆಳದ ನೀರಿಗೆ ಗಾಳಿಯ ಸಂಪರ್ಕವು ದೊರೆಯುವುದಿಲ್ಲ. ಮೇಲಿನಿಂದ ಬಿದ್ದ ಪ್ಲವಕದ ಕಳೇಬರವು ಅಲ್ಲಿ ಕೊಳೆಯುತ್ತ ಉಳಿದ ಅಲ್ಪ ಆಮ್ಲಜನಕವನ್ನೂ ಮುಗಿಸುತ್ತದೆ. ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ನಖ್ವಿ ಮತ್ತು ಅವರ ಸಂಗಡಿಗರು ೨೦೦೦ದಲ್ಲಿ, ನಮ್ಮ ತಗ್ಗುಕಡಲಿನ ಈ ಆಮ್ಲಜನಕದ ಕ್ಷಾಮವು ತೀವ್ರವಾಗುತ್ತಿದೆಯೆಂದೂ, ನೆಲದ ರಾಸಾಯನಿಕ ಗೊಬ್ಬರದ ಸಾರಜನಕವು ಅದಕ್ಕೆ ಒಂದು ಕಾರಣವಾಗಿರಬಹುದೆಂದೂ ಬರೆದರು. ಒಮ್ಮೆ ಕಡಲಿನಿಂದ ಗೊಬ್ಬರವನ್ನು ಹೊತ್ತು ತೋಟಕ್ಕೆ ಹಾಕಿದ ನೆಲವೇ ಈಗ ತನ್ನ ಹೆಚ್ಚಿನ ಗೊಬ್ಬರವನ್ನು ಹೊಳೆಯ ದಾರಿಯಲ್ಲಿ ಕಡಲಿಗೆ ಇಳಿಸುತ್ತಿದೆ.

೫

ಮೇಲೆ ವಿವರಿಸಿದ ಸಂಗತಿಗಳಿಂದ ಏರ್ಪಡುವ ನಿರ್ಣಯವು ಹೀಗಿದೆ. ನೆಲವೋ ಕಡಲೋ ಎಂದು ಆರಂಭವಾದ ವಿವಾದದಲ್ಲಿ ಎರಡು ಪಕ್ಷಗಳೂ ಅರ್ಧವನ್ನು ಕಂಡಿದ್ದುವು. ತೆರೆದ ದಡದ ಮೀನಿಗೆ ಆಧಾರವು ಮುಖ್ಯವಾಗಿ ಆಳದ ನೀರು. ಅಳಿವೆಯ ಜೀವಿಗಳಿಗೆ ಆಧಾರವು ಹೊಳೆಯ ಮೆಕ್ಕಲು ಮತ್ತು ಅಲ್ಲಿಯೇ ಕೊಳೆತ ಸಸ್ಯ. ಎರಡೂ ಕಡೆ ಸಾರವನ್ನು ಹಿಂತಿರುಗಿಸುವುದು ಕೊಳೆಯುವಿಕೆಯೇ. ಅದು ಮಿತಿಮೀರಿದರೆ ಆಮ್ಲಜನಕವು ಮುಗಿದು ಮೀನು ಅಳಿಯುವುದೂ ಅದರಿಂದಲೇ. ಹಾರ್ನೆಲ್ ಅವರು ೧೯೧೭ರಲ್ಲಿ ವರ್ಣಿಸಿದ ಸತ್ತ ಮೀನುಗಳ ರಾಶಿಯೂ ನಿಕಲ್ಸನ್ ಅವರ ಕಡಾಯಿಯನ್ನು ತುಂಬಿದ ಮೀನಿನ ರಾಶಿಯೂ ಒಂದೇ ಫಲವತ್ತತೆಯ ಎರಡು ಪರಿಣಾಮಗಳು.

ಇಂದು ಕರ್ನಾಟಕದ ದಡದಲ್ಲಿ ಬೂತಾಯಿಯು ಮತ್ತೆ ಕಾರ್ಖಾನೆಗಳಿಗೆ ಹೋಗುತ್ತಿದೆ. ಅಲ್ಲಿ ಅದು ಎಣ್ಣೆಯಾಗಿಯೂ, ಕೋಳಿ ಮೀನುಗಳಿಗೆ ಮೇವಾಗುವ ಹುಡಿಯಾಗಿಯೂ ಮಾರ್ಪಟ್ಟು ದೂರದೂರಿಗೆ ಸಾಗುತ್ತದೆ. ಹಿಡಿದ ಮೀನಿನ ತೂಕವನ್ನು ವರ್ಷವರ್ಷವೂ ಬರೆದಿಡುವ ಏರ್ಪಾಡು ಚೆನ್ನಾಗಿದೆ. ಅದರೊಡನೆ ಪ್ರತಿ ಅಳಿವೆಯ ನೀರಿನ ನೈಟ್ರೇಟು, ಫಾಸ್ಫೇಟು, ಆಮ್ಲಜನಕಗಳ ಮಾಸಿಕ ಅಳತೆಯನ್ನೂ ಅಷ್ಟೇ ನಿಯಮದಿಂದ ಇಟ್ಟು ಪ್ರಕಟಿಸಿದಲ್ಲಿ, ಮುಂದೆ ಬೂತಾಯಿಯು ಬಾರದ ವರ್ಷದಲ್ಲಿ ತೀರ್ಪು ಕೊಡುವವರು ಬಲೆಯನ್ನು ಮಾತ್ರ ನೋಡಿ ನಿರ್ಣಯಿಸಬೇಕಾಗುವುದಿಲ್ಲ.