ಹಸುವಿನ ಹೊಟ್ಟೆಯೊಳಗಿನ ಕೆಲಸಗಾರರು

ನಮ್ಮ ಸಂಘಕ್ಕೆ 25 ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸಂಘ ಕಟ್ಟಿದ ಹಿರಿಯರನ್ನೂ, ಮಳೆಯೆನ್ನದೆ ಬಿಸಿಲೆನ್ನದೆ ಹಾಲು ತಂದುಕೊಡುವ ಸದಸ್ಯ ಬಂಧುಗಳನ್ನೂ ನೆನೆಯುವುದು ನಮ್ಮ ಕರ್ತವ್ಯ. ಅವರ ಜತೆಗೆ ಕಣ್ಣಿಗೆ ಕಾಣದ ಇನ್ನೊಂದು ಪಂಗಡವನ್ನೂ ನೆನೆಯಬೇಕು. ಅವು ನಮ್ಮ ದನಗಳ ಹೊಟ್ಟೆಯಲ್ಲಿ ಹಗಲು ರಾತ್ರಿ ದುಡಿಯುವ ಸೂಕ್ಷ್ಮಜೀವಿಗಳು.

ಹಿಂದೆ ಬೈಂದೂರಿನಿಂದ ಬ್ರಹ್ಮಾವರದವರೆಗೆ ಎಲ್ಲರ ಹಟ್ಟಿಯಲ್ಲೂ ಇದ್ದದ್ದು ಮಲೆನಾಡು ಗಿಡ್ಡ ದನಗಳು. ಹಗಲು ಹಾಡಿ, ಗುಡ್ಡೆ ಮೇಯ್ದು ಬಂದರೆ ಸಂಜೆಗೆ ಬೈಹುಲ್ಲು, ಒಂದಿಷ್ಟು ಅಕ್ಕಚ್ಚು. ಹಾಲು ಕಡಿಮೆ, ಹೊಟ್ಟೆಯ ತೊಂದರೆಯೂ ಕಡಿಮೆ. 1974ರಲ್ಲಿ ಮಣಿಪಾಲದಲ್ಲಿ ಕೆನರಾ ಹಾಲು ಒಕ್ಕೂಟ ಆರಂಭವಾಯಿತು. 1986ರಲ್ಲಿ ದಕ್ಷಿಣ ಕನ್ನಡ ಹಾಲು ಒಕ್ಕೂಟ ಬಂತು. ಜೆರ್ಸಿ, ಎಚ್.ಎಫ್. ಮಿಶ್ರತಳಿ ದನಗಳು ಹಟ್ಟಿ ಸೇರಿದವು, ಹಿಂಡಿ ಚೀಲಗಳೂ ಬಂದವು. ಹಾಲು ಹೆಚ್ಚಿತು. ಆದರೆ ದನದ ಹೊಟ್ಟೆಯ ವಿಚಾರ ನಾವು ಕಲಿಯಲೇ ಇಲ್ಲ.

ಕಲಿತದ್ದು ನಷ್ಟದಿಂದ. ಒಮ್ಮೆ ಮದುವೆ ಮನೆಯಲ್ಲಿ ಉಳಿದ ಅನ್ನವನ್ನು ನಾವೇ ತಂದು ಕರೆಯುವ ಹಸುವಿಗೆ ಹೊಟ್ಟೆ ತುಂಬಾ ಹಾಕಿದೆವು. ಮರುದಿನ ಮೆಲುಕು ನಿಂತಿತು, ಹಸು ಮಲಗಿದ್ದು ಏಳಲಿಲ್ಲ. ಡಾಕ್ಟರರನ್ನು ಕರೆಯುವಾಗ ತಡವಾಗಿತ್ತು. ಪ್ರೀತಿಯಿಂದ ಹಾಕಿದ ಅನ್ನವೇ ವಿಷವಾಯಿತು. "ದನ ಮೆಲುಕು ಹಾಕುದ್ ನಿಲ್ಸ್ತ್ ಅಂದ್ರೆ ಜಾಗ್ರತೆ ಮಾಡ್ಕ್" ಎಂದು ಹಿರಿಯರು ಹೇಳುತ್ತಿದ್ದುದರ ಅರ್ಥ ಆಗ ತಿಳಿಯಿತು.

ವಿಷಯ ಇಷ್ಟೆ. ಹುಲ್ಲನ್ನು ದನ ತಾನೇ ಕರಗಿಸಲಾರದು. ಅದರ ದೊಡ್ಡ ಹೊಟ್ಟೆಯ ಒಂದು ಮಿಲಿಲೀಟರ್ ರಸದಲ್ಲಿ ಸುಮಾರು ಸಾವಿರ ಕೋಟಿ ಬ್ಯಾಕ್ಟೀರಿಯಾಗಳಿದ್ದು, ಹುಲ್ಲನ್ನು ಹುಳಿಸಿ ಆಮ್ಲಗಳನ್ನಾಗಿ ಮಾಡುತ್ತವೆ. ದನಕ್ಕೆ ಬೇಕಾದ ಶಕ್ತಿಯಲ್ಲಿ ಹೆಚ್ಚಿನ ಪಾಲು ಇವುಗಳಿಂದಲೇ. ನಾರಿನಿಂದ ಬರುವ ಅಸಿಟಿಕ್ ಆಮ್ಲವೇ ಹಾಲಿನ ಫ್ಯಾಟ್ ಆಗುತ್ತದೆ. ಅನ್ನ, ಹಲಸಿನ ಹಣ್ಣು ಒಮ್ಮೆಲೇ ಹೆಚ್ಚು ಬಿದ್ದರೆ ಲ್ಯಾಕ್ಟಿಕ್ ಆಮ್ಲ ಮಾಡುವ ಬ್ಯಾಕ್ಟೀರಿಯಾಗಳು ವಿಪರೀತ ಬೆಳೆದು, ಹುಳಿ ಏರಿ, ಹುಲ್ಲು ಕರಗಿಸುವವು ಸಾಯುತ್ತವೆ.

ಇದನ್ನು ತಿಳಿಯಲು ಲೋಕಕ್ಕೂ ಬಹಳ ಕಾಲ ಹಿಡಿಯಿತು. ಮೆಲುಕು ನಿಂತ ದನಕ್ಕೆ ಒಳ್ಳೆಯ ದನದ ಬಾಯಿಯ ಮೆಲುಕನ್ನು ತೆಗೆದು ತಿನ್ನಿಸುವ ಕ್ರಮ ಸ್ವೀಡನ್ ದೇಶದಲ್ಲಿ 18ನೇ ಶತಮಾನದಲ್ಲೇ ಇತ್ತು. ದನದ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳಿರುವುದನ್ನು 1843ರಲ್ಲಿ ಫ್ರಾನ್ಸಿನ ಗ್ರೂಬಿ ಮತ್ತು ಡೆಲಫೋಂಡ್ ಕಂಡರು. ಗಾಳಿ ತಾಗಿದರೆ ಸಾಯುವ ಈ ಬ್ಯಾಕ್ಟೀರಿಯಾಗಳನ್ನು ಬೆಳೆಸುವ ವಿಧಾನವನ್ನು ಅಮೆರಿಕದ ರಾಬರ್ಟ್ ಹಂಗೇಟ್ ರೂಪಿಸಿದರು. ಸುಬಾಬುಲ್ ಸೊಪ್ಪು ತಿಂದ ಆಸ್ಟ್ರೇಲಿಯಾದ ದನಗಳು ಸೊರಗುತ್ತಿದ್ದವು, ಹವಾಯಿ ದ್ವೀಪದ ಮೇಕೆಗಳಿಗೆ ಏನೂ ಆಗುತ್ತಿರಲಿಲ್ಲ. 1980ರ ದಶಕದಲ್ಲಿ ರೇಮಂಡ್ ಜೋನ್ಸ್ ಎಂಬ ವಿಜ್ಞಾನಿ ಮತ್ತವರ ಸಂಗಡಿಗರು ಆ ಮೇಕೆಗಳ ಹೊಟ್ಟೆಯ ಬ್ಯಾಕ್ಟೀರಿಯಾವನ್ನು ತಂದು ಕೊಟ್ಟಾಗ ದನಗಳೂ ಆ ಸೊಪ್ಪಿನ ವಿಷವನ್ನು ಅರಗಿಸಿಕೊಂಡವು. 1992ರಲ್ಲಿ ಆ ಬ್ಯಾಕ್ಟೀರಿಯಾಕ್ಕೆ ಜೋನ್ಸರ ಹೆಸರನ್ನೇ ಸೇರಿಸಿ ಸಿನರ್ಜಿಸ್ಟಿಸ್ ಜೋನ್ಸಿಯೈ ಎಂದು ಕರೆದರು.

ಈಗ ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾ, ಯೀಸ್ಟ್ ಇತ್ಯಾದಿ ಪುಡಿಯ ರೂಪದಲ್ಲಿ ಸಿಗುತ್ತವೆ. ಯೀಸ್ಟ್ ಬ್ಯಾಕ್ಟೀರಿಯಾ ಅಲ್ಲ. ಅದು ಹೊಟ್ಟೆಗೆ ಸೇರಿದ ಆಮ್ಲಜನಕವನ್ನು ಹೀರಿಕೊಂಡು, ಹುಲ್ಲು ಕರಗಿಸುವ ಬ್ಯಾಕ್ಟೀರಿಯಾಗಳಿಗೆ ಅನುಕೂಲ ಮಾಡಿಕೊಡುತ್ತದೆ. ಲ್ಯಾಕ್ಟಿಕ್ ಆಮ್ಲವನ್ನೇ ತಿನ್ನುವ ಮೆಗಾಸ್ಫಿರಾ ಎಂಬ ಬ್ಯಾಕ್ಟೀರಿಯಾವೂ ಉಂಟು. ಇವೆಲ್ಲ ಜೀವ ಇರುವಂಥವು. ನಮ್ಮ ಕಡೆಯ ಅಭ್ಯಾಸದಂತೆ ಬಿಸಿ ಅಕ್ಕಚ್ಚಿಗೆ ಹಾಕಿದರೆ ಸತ್ತುಹೋಗುತ್ತವೆ, ಕೊಟ್ಟ ಹಣ ದಂಡ. ಪೊಟ್ಟಣದ ತಾರೀಕು ನೋಡಿ, ತಂಪು ಜಾಗದಲ್ಲಿಟ್ಟು, ಡಾಕ್ಟರರನ್ನು ಕೇಳಿಯೇ ಕೊಡಬೇಕು.

ಆದರೆ ಪುಡಿಯೊಂದೇ ಸಾಲದು. ಬೈಹುಲ್ಲು, ಹಸಿಹುಲ್ಲು ತಪ್ಪಿಸದಿರುವುದು, ಹಿಂಡಿಯನ್ನು ಹತ್ತಾರು ದಿನಗಳಲ್ಲಿ ಸ್ವಲ್ಪಸ್ವಲ್ಪವೇ ಹೆಚ್ಚಿಸುವುದು, ಉಳಿದ ಅನ್ನ ಸುರಿಯದಿರುವುದು, ಇವು ಖರ್ಚಿಲ್ಲದ ಉಪಾಯಗಳು. ದನಕ್ಕೆ ಹಾಕುವ ಪ್ರತಿ ಹಿಡಿ ಮೇವನ್ನು ಮೊದಲು ಉಣ್ಣುವುದು ಈ ಜೀವಿಗಳೇ ಎಂಬುದು ನೆನಪಿರಲಿ.

ಒಬ್ಬೊಬ್ಬರ ಒಂದೆರಡು ಲೀಟರ್ ಸೇರಿ ನಮ್ಮ ಸಂಘ ಬೆಳೆಯಿತು. ಹಸುವಿನ ಹೊಟ್ಟೆಯಲ್ಲಿ ನಡೆಯುವುದೂ ಇಂಥದೇ ಒಂದು ಸಹಕಾರ. ಎರಡನ್ನೂ ಕೆಡದಂತೆ ನೋಡಿಕೊಳ್ಳೋಣ. ಸಂಘವು ಸುವರ್ಣ ಮಹೋತ್ಸವವನ್ನೂ ಕಾಣಲಿ ಎಂದು ಹಾರೈಸುತ್ತೇವೆ.